ಹಾಲು ಕೊಟ್ಟರೆ ಗಂಧೆ, ರಿಪೋರ್ಟ್ ನೋಡಿದರೆ ಅನ್ನವೂ ಬೇಡ: ಮಗುವಿಗೆ ಏನು ತಿನ್ನಿಸಲಿ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಮಗಳಿಗೆ ಈಗ ಏಳೂವರೆ ತಿಂಗಳು. ಮೂರನೇ ತಿಂಗಳಿಂದಲೇ ಕೆನ್ನೆ, ಮೊಣಕೈ ಸಂದಿಯಲ್ಲಿ ಚರ್ಮ ಒರಟಾಗಿ ಕೆಂಪಗಾಗಿ ಕೆರೆದುಕೊಳ್ಳುತ್ತಾಳೆ. ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದೆವು. ಮೊದಲ ವಾರ ನೀರಿನಲ್ಲಿ ಕುದಿಸಿ ಕೊಟ್ಟಾಗ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಅತ್ತೆ ಮನೆ ಹಸುವಿನ ಹಾಲು ಹಾಕಿ ಮಾಡಿದರು. ನಾಲ್ಕು ಚಮಚ ತಿಂದು ಹತ್ತು ನಿಮಿಷಕ್ಕೆ ಬಾಯಿ ಸುತ್ತ ಗಂಧೆ ಎದ್ದು, ಕಣ್ಣು ಊದಿ, ಎರಡು ಸಲ ವಾಂತಿ ಆಯಿತು. ಊರಿನ ಡಾಕ್ಟರ್ ಡ್ರಾಪ್ಸ್ ಕೊಟ್ಟರು, ಸಂಜೆಗೆ ಇಳಿಯಿತು. ಮುಂದಿನ ವಾರ ಬಿಸ್ಕತ್ತು ನೀರಿನಲ್ಲಿ ನೆನೆಸಿ ಕೊಟ್ಟಾಗ ಮತ್ತೆ ಗಂಧೆ. ರವೆ ಗಂಜಿ ತಿಂದರೆ ಏನೂ ಆಗುವುದಿಲ್ಲ. ಮೊನ್ನೆ ನಾನು ಮೊಸರನ್ನ ಕಲೆಸಿದ ಕೈಯಲ್ಲೇ ಅವಳ ಕೆನ್ನೆ ಮುಟ್ಟಿದೆ, ಬೆರಳು ತಗುಲಿದ ಜಾಗದಲ್ಲೇ ಬೊಬ್ಬೆಯಂತೆ ಎದ್ದಿತು. ಹೆದರಿ ಒಂದು ಲ್ಯಾಬ್‌ನಲ್ಲಿ ನೂರಕ್ಕೂ ಹೆಚ್ಚು ಆಹಾರದ ಪ್ಯಾಕೇಜ್ ಟೆಸ್ಟ್ ಮಾಡಿಸಿದೆವು. ಅಕ್ಕಿ, ರಾಗಿ, ಬಾಳೆಹಣ್ಣು, ತೊಗರಿಬೇಳೆ, ಟೊಮೆಟೊ ಎಲ್ಲಕ್ಕೂ ಕೆಂಪು ಗುರುತು. ಈಗ ಬರೀ ಎದೆಹಾಲು, ಸ್ವಲ್ಪ ರವೆ ಗಂಜಿ. ನಾನೂ ಹಾಲು, ಮೊಸರು, ತುಪ್ಪ, ಮೊಟ್ಟೆ, ಬೇಳೆ, ಬದನೆಕಾಯಿ ಎಲ್ಲ ಬಿಟ್ಟಿದ್ದೇನೆ. ಮಗುವಿನ ತೂಕ ಒಂದೂವರೆ ತಿಂಗಳಿಂದ ಏರಿಲ್ಲ. ಅತ್ತೆ ಆಡಿನ ಹಾಲು ಕೊಡು ಅನ್ನುತ್ತಾರೆ. ನಾದಿನಿ ದಿನಾ ಒಂದೊಂದು ತೊಟ್ಟು ಹಸುವಿನ ಹಾಲು ಕೊಡ್ತಾ ಹೋದರೆ ಒಗ್ಗುತ್ತೆ ಅನ್ನುತ್ತಾಳೆ. ಒಂಬತ್ತನೇ ತಿಂಗಳ ಚುಚ್ಚುಮದ್ದು ಇಂಥ ಮಕ್ಕಳಿಗೆ ಹಾಕಿಸಬಾರದಂತೆ, ನಿಜವೇ? ಜೀವನಪೂರ್ತಿ ಹೀಗೇನಾ?

ಉತ್ತರ: ನಾಲ್ಕೈದು ಪ್ರಶ್ನೆ ಕೇಳಿದ್ದೀರಿ, ಭಯ ಮಾತ್ರ ಒಂದೇ. ಕೊಟ್ಟರೆ ಆಗಿಬರಲ್ಲ, ಕೊಡದಿದ್ದರೆ ಬೆಳೆಯಲ್ಲ. ಹಾಸನದಲ್ಲಿ ಮಕ್ಕಳನ್ನು ನೋಡುವ ನನ್ನ ಹತ್ತಿರ ಇಂಥ ತಾಯಂದಿರು ಬರುತ್ತಲೇ ಇರುತ್ತಾರೆ. ಎಲ್ಲರ ಕೈಯಲ್ಲೂ ಒಂದು ದಪ್ಪ ಫೈಲ್ ಇರುತ್ತದೆ. ನನಗೆ ಬೇಕಾದದ್ದು ಹೆಚ್ಚಾಗಿ ಫೈಲ್‌ನಲ್ಲಿ ಇರುವುದಿಲ್ಲ, ಅವರು ಹೇಳುವ ಮಾತಿನಲ್ಲಿ ಇರುತ್ತದೆ. ನಿಮ್ಮ ಪತ್ರವೂ ಹಾಗೆಯೇ.

ಮೊದಲು ರಾಗಿಯ ಮೇಲಿನ ಅಪವಾದ ತೆಗೆಯೋಣ. ಒಂದು ವಾರ ನೀರಿನಲ್ಲಿ ಕುದಿಸಿದ ರಾಗಿ ಸರಿ ತಿಂದು ಮಗು ಚೆನ್ನಾಗಿತ್ತು. ಹಾಲು ಬಿದ್ದ ದಿನ ಗಂಧೆ ಬಂತು. ಬಿಸ್ಕತ್ತಿನಲ್ಲಿ ಗೋಧಿಯೂ ಇದೆ, ಹಾಲಿನ ಪುಡಿಯೂ ಇರುತ್ತದೆ. ಆದರೆ ರವೆಯೂ ಗೋಧಿಯದೇ, ಅದನ್ನು ತಿಂದರೆ ಏನೂ ಆಗುತ್ತಿಲ್ಲ. ಆದ್ದರಿಂದ ಗೋಧಿಯೂ ಅಲ್ಲ. ಇನ್ನು ಮೊಸರಿನ ಬೆರಳು ಮುಟ್ಟಿದಲ್ಲೇ ಬೊಬ್ಬೆ ಎದ್ದದ್ದು. ಮೂರು ಘಟನೆಯಲ್ಲೂ ಸಿಗುವ ಆಸಾಮಿ ಒಬ್ಬನೇ, ಹಸುವಿನ ಹಾಲಿನ ಪ್ರೋಟೀನ್. ಎದುರಿಗೆ ಮಗುವನ್ನು ನೋಡದೆ ಕೊನೆಯ ಮಾತು ಹೇಳುವುದಿಲ್ಲ, ಆದರೆ ಇಷ್ಟು ಸ್ಪಷ್ಟವಾದ ಕಥೆ ಅಪರೂಪ.

ಹಾಲಿನಲ್ಲಿ ಕೇಸೀನ್, ವ್ಹೇ ಎಂಬ ಎರಡು ಗುಂಪಿನ ಪ್ರೋಟೀನ್‌ಗಳಿವೆ. ಕೆಲವು ಮಕ್ಕಳ ದೇಹ ಇವುಗಳನ್ನು ಶತ್ರು ಎಂದು ತಪ್ಪು ತಿಳಿದು ಐಜಿಇ ಎಂಬ ಪ್ರತಿಕಾಯ ತಯಾರಿಸಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಹಾಲು ಒಳಗೆ ಹೋದಾಗ ಕೆಲವೇ ನಿಮಿಷದಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ, ಹಿಸ್ಟಮೀನ್ ಮುಂತಾದ ರಾಸಾಯನಿಕಗಳು ಬಿಡುಗಡೆಯಾಗಿ ಗಂಧೆ, ಊತ, ವಾಂತಿ, ಉಬ್ಬಸ ಬರುತ್ತವೆ. ನಿಮ್ಮ ಮಗುವಿನ ಹತ್ತು ನಿಮಿಷ ಇದಕ್ಕೆ ಸರಿಯಾಗಿ ಹೊಂದುತ್ತದೆ. ಐಜಿಇ ಇಲ್ಲದ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಚೆನ್ನಾಗಿ ಆಡಿಕೊಂಡಿರುವ ಎದೆಹಾಲಿನ ಕೂಸಿನ ಮಲದಲ್ಲಿ ಲೋಳೆಯ ಜೊತೆ ರಕ್ತದ ಎಳೆ ಕಾಣಿಸಬಹುದು. ಇಲ್ಲವೇ ತಿಂದು ಒಂದರಿಂದ ನಾಲ್ಕು ಗಂಟೆ ಬಿಟ್ಟು ಮೇಲಿಂದ ಮೇಲೆ ವಾಂತಿಯಾಗಿ ಮಗು ಬಿಳಿಚಿಕೊಂಡು ಸೊರಗಬಹುದು. ಅದರ ದಾರಿ ಬೇರೆ. ಬೇರೆ ಓದುಗರು ನಿಮ್ಮ ಮಗುವಿನ ಲೆಕ್ಕವನ್ನು ತಮ್ಮ ಮಗುವಿಗೆ ಹಾಕಿಕೊಳ್ಳಬಾರದು ಅಂತ ಇದನ್ನು ಹೇಳಿದೆ.

ಲ್ಯಾಕ್ಟೋಸ್ ಜೀರ್ಣವಾಗದಿರುವುದೂ ಇದಲ್ಲ. ಲ್ಯಾಕ್ಟೋಸ್ ಹಾಲಿನ ಸಕ್ಕರೆ. ಅದು ಹೊಟ್ಟೆ ಉಬ್ಬರಿಸುತ್ತದೆ, ಭೇದಿ ಮಾಡಿಸುತ್ತದೆ, ಗಂಧೆ ಎಬ್ಬಿಸುವುದಿಲ್ಲ. ಹಾಗಾಗಿ ಮೆಡಿಕಲ್ ಶಾಪಿನವರು ಕೊಡುವ ಲ್ಯಾಕ್ಟೋಸ್ ಫ್ರೀ ಡಬ್ಬಿ ನಿಮ್ಮ ಮಗುವಿಗೆ ಪ್ರಯೋಜನವಿಲ್ಲ, ಅಪಾಯವೂ ಹೌದು. ಆ ಡಬ್ಬಿಗಳಲ್ಲಿ ಹೆಚ್ಚಿನವುಗಳಲ್ಲಿ ಹಾಲಿನ ಪ್ರೋಟೀನ್ ಹಾಗೆಯೇ ಇರುತ್ತದೆ.

ಈಗ ಆ ರಿಪೋರ್ಟ್. ಇಂಥ ನೂರು ಆಹಾರದ ಪ್ಯಾಕೇಜ್‌ಗಳಲ್ಲಿ ಬಹಳಷ್ಟು ಅಳೆಯುವುದು ಐಜಿಜಿ ಎಂಬ ಇನ್ನೊಂದು ಪ್ರತಿಕಾಯವನ್ನು, ಐಜಿಇಯನ್ನಲ್ಲ. ನಿಮ್ಮದು ಯಾವುದು ಅಂತ ಹಾಳೆಯ ಮೇಲುಗಡೆ ಬರೆದಿರುತ್ತದೆ, ನೋಡಿ. ಐಜಿಜಿ ಆಗಿದ್ದರೆ ಅದನ್ನು ಮಡಚಿ ಇಟ್ಟುಬಿಡಬಹುದು. ಆರೋಗ್ಯವಂತರ ದೇಹವೂ ದಿನಾ ತಿನ್ನುವ ಆಹಾರಕ್ಕೆ ಐಜಿಜಿ ಮಾಡುತ್ತದೆ. ಅದರ ಅರ್ಥ ಆ ಆಹಾರದ ಪರಿಚಯವಿದೆ ಎಂದಷ್ಟೇ. ಅದರ ಮೇಲೆ ಏಳು ತಿಂಗಳ ಕೂಸು ಬೇರೆ. ಗರ್ಭದಲ್ಲಿರುವಾಗ ತಾಯಿಯ ಐಜಿಜಿ ಮಾಸಿನ ಮೂಲಕ ಮಗುವಿಗೆ ಹೋಗುತ್ತದೆ, ಒಂದಷ್ಟು ತಿಂಗಳು ಉಳಿಯುತ್ತದೆ. ಅಕ್ಕಿ, ರಾಗಿ, ತೊಗರಿಬೇಳೆ, ಟೊಮೆಟೊ: ಇದು ಅಲರ್ಜಿ ಪಟ್ಟಿ ಅನ್ನುವುದಕ್ಕಿಂತ ನಮ್ಮ ಹಾಸನ ಜಿಲ್ಲೆಯ ಮನೆಯೊಂದರ ಊಟದ ಪಟ್ಟಿಯಂತೆ ಕಾಣುತ್ತಿಲ್ಲವೇ? ಆಹಾರ ಅಲರ್ಜಿ ಪತ್ತೆಗೆ ಐಜಿಜಿ ಪರೀಕ್ಷೆ ಬೇಡ ಅಂತ ಅಮೆರಿಕ, ಯುರೋಪಿನ ಅಲರ್ಜಿ ತಜ್ಞರ ಸಂಘಗಳು ಬಹಳ ಹಿಂದೆಯೇ ಹೇಳಿವೆ. ಆದರೂ ಮಾರಾಟ ನಿಂತಿಲ್ಲ. ಹೆದರಿದ ತಾಯಿಗಿಂತ ಒಳ್ಳೆಯ ಗಿರಾಕಿ ಇಲ್ಲ ಅಂತ ಅವರಿಗೂ ಗೊತ್ತು.

ಸರಿಯಾದ ಪರೀಕ್ಷೆಗಳು ಎರಡು. ಚರ್ಮದ ಮೇಲೆ ತೊಟ್ಟು ಹಾಕಿ ಸೂಜಿಯಲ್ಲಿ ಮೆಲ್ಲಗೆ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್ ಒಂದು, ರಕ್ತದಲ್ಲಿ ಆಯಾ ಆಹಾರದ ಐಜಿಇ ನೋಡುವುದು ಇನ್ನೊಂದು. ಇವುಗಳನ್ನೂ ಸಂಶಯ ಇರುವ ಆಹಾರಕ್ಕೆ ಮಾತ್ರ ಮಾಡಿಸಬೇಕು, ನೂರಕ್ಕಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಮತ ಹಾಕಿರುವುದಿಲ್ಲ, ಐಜಿಇ ಕಂಡದ್ದಕ್ಕೆಲ್ಲ ಅಲರ್ಜಿ ಇರುವುದಿಲ್ಲ. ನಮ್ಮ ಕರ್ನಾಟಕದಲ್ಲೇ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶೇ 26ಕ್ಕೂ ಹೆಚ್ಚು ಜನರ ರಕ್ತದಲ್ಲಿ ಒಂದಲ್ಲ ಒಂದು ಆಹಾರದ ಐಜಿಇ ಸಿಕ್ಕಿತು, ತಿಂದಾಗ ತೊಂದರೆಯೂ ಇದ್ದು ಅಲರ್ಜಿ ಎನ್ನಬಹುದಾದವರು ಶೇ 1.2 ಮಾತ್ರ. ಅದಕ್ಕೇ ನಾನು ಮೊದಲು ಕೇಳುವುದು ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು ಅಂತ. ಕಥೆ ಕೇಳದೆ ಬರೆದ ಟೆಸ್ಟ್ ದಾರಿ ತಪ್ಪಿಸುವುದೇ ಹೆಚ್ಚು.

ಇನ್ನು ನಿಮ್ಮ ಊಟ. ಹಸುವಿನ ಹಾಲು ನೇರವಾಗಿ ಹೊಟ್ಟೆಗೆ ಹೋದಾಗ ಅಥವಾ ಚರ್ಮಕ್ಕೆ ತಗುಲಿದಾಗ ಮಾತ್ರ ತೊಂದರೆ ಬಂದಿದೆ. ಅದಕ್ಕೂ ಮುಂಚೆ ಆರು ತಿಂಗಳು ನೀವು ಹಾಲು, ಮೊಸರು ಎಲ್ಲ ತಿನ್ನುತ್ತಲೇ ಎದೆಹಾಲು ಕೊಟ್ಟಿದ್ದೀರಿ, ಕುಡಿದ ಮೇಲೆ ಗಂಧೆಯಾಗಲಿ ವಾಂತಿಯಾಗಲಿ ಬಂದದ್ದನ್ನು ನೀವು ಬರೆದಿಲ್ಲ. ಹಾಗಿದ್ದಲ್ಲಿ ತಾಯಿ ಪಥ್ಯ ಮಾಡುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಬೇಳೆ, ಮೊಟ್ಟೆ, ಬದನೆಕಾಯಿಯನ್ನು ಇವತ್ತೇ ಶುರು ಮಾಡಿ. ಬದನೆಕಾಯಿ ನಂಜು ಅಂತ ಬಾಣಂತಿಗೆ ಬಿಡಿಸುವ ಪದ್ಧತಿ ಇದೆ, ಇರಲಿ. ಆದರೆ ಅದಕ್ಕೂ ಈ ಮಗುವಿನ ಗಂಧೆಗೂ ಸಂಬಂಧವಿಲ್ಲ. ಹಾಲು ಮೊಸರಿನ ವಿಷಯದಲ್ಲಿ ಮಾತ್ರ ಒಂದು ಸಣ್ಣ ಸಂದೇಹ ಉಳಿಯುತ್ತದೆ: ಕೆರೆತಕ್ಕೆ ನೀವು ಕುಡಿಯುವ ಹಾಲೂ ಸ್ವಲ್ಪ ಕಾರಣವೇ? ನೀವು ಈಗಾಗಲೇ ಬಿಟ್ಟಿದ್ದೀರಲ್ಲ, ಬಿಟ್ಟ ಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಚರ್ಮ ಎದ್ದು ಕಾಣುವಷ್ಟು ಸುಧಾರಿಸಿತೇ? ಇಲ್ಲವಾದರೆ ಬಿಟ್ಟದ್ದರಿಂದ ಲಾಭವಿಲ್ಲ, ನಿಮ್ಮ ಡಾಕ್ಟರಿಗೆ ತಿಳಿಸಿ ಮತ್ತೆ ತಿನ್ನಿ. ಸುಧಾರಿಸಿದ್ದರೆ ಸದ್ಯ ಬಿಟ್ಟೇ ಇರಿ. ಆದರೆ ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ, ದಿನಕ್ಕೊಂದು ಹೊತ್ತು ಮುದ್ದೆ ಊಟ ಮಾಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎದೆಹಾಲು ನಿಲ್ಲಿಸುವ ಯೋಚನೆ ಮಾತ್ರ ಬೇಡ. ಯಾವ ಡಬ್ಬಿಯೂ ಬೇಕಾಗದೆ ಇರುವುದು ಅದರಿಂದಲೇ. ಎದೆಹಾಲು ಇಲ್ಲದ ಮಗುವಾಗಿದ್ದರೆ ಪ್ರೋಟೀನನ್ನು ತೀರಾ ಸಣ್ಣಗೆ ಒಡೆದ ವಿಶೇಷ ಪುಡಿ ಬೇಕಾಗುತ್ತಿತ್ತು, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಆಡಿನ ಹಾಲಿನ ಬಗ್ಗೆ ನಿಮ್ಮ ಅತ್ತೆಗೆ ಸಮಾಧಾನವಾಗಿ ಹೇಳಿ. ಹಸುವಿನ ಹಾಲು ಆಗದ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಆಡಿನ ಹಾಲೂ ಆಗುವುದಿಲ್ಲ, ಪ್ರೋಟೀನ್‌ಗಳು ಅಷ್ಟು ಹತ್ತಿರದ ಸಂಬಂಧಿಗಳು. ಎಮ್ಮೆ ಹಾಲಿನ ಕಥೆಯೂ ಅದೇ. ಮಲೆನಾಡು ಗಿಡ್ಡ ತಳಿಯ ಹಾಲು ಎ2, ಅದು ಅಲರ್ಜಿ ಮಾಡಲ್ಲ ಅಂತ ಈಚೆಗೆ ಸಕಲೇಶಪುರ, ಮೂಡಿಗೆರೆ ಕಡೆಯವರು ಕೇಳುತ್ತಾರೆ. ಎ1 ಮತ್ತು ಎ2 ಹಾಲಿಗೆ ಇರುವ ವ್ಯತ್ಯಾಸ ಕೇಸೀನ್‌ನ ಒಂದು ಬಗೆಯಲ್ಲಿ ಒಂದೇ ಒಂದು ಅಮೈನೋ ಆಮ್ಲದ್ದು. ಉಳಿದದ್ದೆಲ್ಲ ಹಾಗೇ ಇರುತ್ತದೆ. ಗಿಡ್ಡ ಹಸು ಉಳಿಯಲಿ, ಅದರ ಹಾಲು ನಿಮ್ಮ ಮಗುವಿಗೆ ಬೇಡ. ಬೀದಿಯಲ್ಲಿ ಒಳಲೆ ಲೆಕ್ಕದಲ್ಲಿ ಮಾರುವ ಕತ್ತೆ ಹಾಲನ್ನು ಕಾಯಿಸದೆ ಕುಡಿಸುತ್ತಾರೆ, ಅದಂತೂ ಸೋಂಕನ್ನು ದುಡ್ಡು ಕೊಟ್ಟು ತಂದಂತೆ.

ನಾದಿನಿಯ ಸಲಹೆಗೆ ಮಾತ್ರ ಖಡಾಖಂಡಿತ ಬೇಡ ಅನ್ನುತ್ತೇನೆ. ಗಂಧೆಯ ಜೊತೆ ವಾಂತಿಯೂ ಬಂದಿದೆ ಎಂದರೆ ಚರ್ಮ, ಹೊಟ್ಟೆ ಎರಡೂ ಕಡೆ ಪ್ರತಿಕ್ರಿಯೆ ಆಗಿದೆ. ಸಂಜೆಗೆ ಇಳಿಯಿತು ಅಂತ ಅದನ್ನು ಹಗುರ ಎಂದುಕೊಳ್ಳಬೇಡಿ, ಮುಂದಿನ ಸಲ ಹೇಗೆ ಬರುತ್ತದೆ ಅಂತ ಯಾರೂ ಹೇಳಲಾಗದು. ಒಗ್ಗಿಸುವ ಚಿಕಿತ್ಸೆ ಎಂಬುದು ಇದೆ, ಆದರೆ ಅದು ಅಳತೆ ಮಾಡಿದ ಪ್ರಮಾಣದಲ್ಲಿ, ತುರ್ತು ಔಷಧಿ ಪಕ್ಕದಲ್ಲಿ ಇಟ್ಟುಕೊಂಡು ದೊಡ್ಡ ಆಸ್ಪತ್ರೆಗಳಲ್ಲಿ ತಜ್ಞರು ಮಾಡುವ ಕೆಲಸ. ಅಡುಗೆಮನೆಯಲ್ಲಿ ಒಳಲೆ ಹಿಡಿದು ಮಾಡುವಂಥದ್ದಲ್ಲ.

ಇಷ್ಟಕ್ಕೂ ಈ ಮಗುವಿಗೇ ಯಾಕೆ ಬಂತು? ವಂಶದಲ್ಲಿ ಉಬ್ಬಸ, ಧೂಳಿನ ಸೀನು, ಕೆರೆತ ಇದ್ದರೆ ಸಾಧ್ಯತೆ ಹೆಚ್ಚು. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಮೂರನೇ ತಿಂಗಳಿನ ಆ ಒರಟು ಚರ್ಮ. ಅದು ಎಕ್ಸಿಮಾ. ಆಹಾರ ಶುರು ಮಾಡುವ ಮೊದಲೇ ಅದು ಬಂದಿದೆ ಎಂಬುದನ್ನು ಗಮನಿಸಿ. ಅಲರ್ಜಿಯಿಂದ ಎಕ್ಸಿಮಾ ಬಂತು ಅಂತ ಎಲ್ಲರೂ ತಿಳಿಯುತ್ತಾರೆ, ಬಹಳ ಮಕ್ಕಳಲ್ಲಿ ನಡೆಯುವುದು ಉಲ್ಟಾ. ಬಿರುಕು ಬಿಟ್ಟ ಚರ್ಮದ ಮೂಲಕ ಆಹಾರದ ಕಣಗಳು ಒಳಹೊಕ್ಕಾಗ ದೇಹ ಅವನ್ನು ಶತ್ರು ಎಂದು ಗುರುತು ಮಾಡಿಕೊಳ್ಳುತ್ತದೆ, ಅದೇ ಆಹಾರ ಬಾಯಿಯ ಮೂಲಕ ಸಕಾಲಕ್ಕೆ ಹೋದರೆ ಒಗ್ಗಿಸಿಕೊಳ್ಳುತ್ತದೆ. ಜಪಾನಿನಲ್ಲಿ ಗೋಧಿ ಪ್ರೋಟೀನ್ ಸೇರಿಸಿದ ಮುಖ ತೊಳೆಯುವ ಸೋಪೊಂದನ್ನು ಬಳಸಿ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ಅಲರ್ಜಿ ಬಂದದ್ದು ಇದಕ್ಕೆ ದೊಡ್ಡ ಸಾಕ್ಷಿ. ನಮ್ಮಲ್ಲಿ ಕೂಸಿಗೆ ಎಣ್ಣೆ ನೀರು ಹಾಕುವಾಗ ಹಾಲಿನ ಕೆನೆ ಸವರಿ, ಕಡಲೆಹಿಟ್ಟು ಅಥವಾ ಹೆಸರುಹಿಟ್ಟಿನಲ್ಲಿ ಉಜ್ಜುತ್ತಾರೆ. ನುಣುಪು ಚರ್ಮದ ಮಗುವಿಗೆ ಹಾಗೆ ಮಾಡಿದರೆ ನಾನು ಜಗಳ ಮಾಡುವುದಿಲ್ಲ. ಒಡೆದು ಕೆಂಪಾದ ಚರ್ಮಕ್ಕೆ ಮಾತ್ರ ಕೆನೆಯೂ ಬೇಡ, ಹಿಟ್ಟೂ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಒದ್ದೆ ಆರುವ ಮುಂಚೆ ವಾಸನೆಯಿಲ್ಲದ ಮಾಯಿಶ್ಚರೈಸರ್ ದಪ್ಪಗೆ ಹಚ್ಚಿ, ದಿನಕ್ಕೆ ಮೂರು ನಾಲ್ಕು ಸಲ. ಕೆಂಪಾದಲ್ಲಿಗೆ ಡಾಕ್ಟರ್ ಸೌಮ್ಯ ಸ್ಟೀರಾಯ್ಡ್ ಮುಲಾಮು ಬರೆದರೆ ಹೆದರಿ ಅರ್ಧಕ್ಕೆ ಬಿಡಬೇಡಿ. ಹೇಳಿದಷ್ಟು ದಿನ ಹಚ್ಚಿದರೆ ಅದು ಸುರಕ್ಷಿತ. ಚರ್ಮ ಸರಿಪಡಿಸುವುದು ಚಂದಕ್ಕಲ್ಲ.

ತಿನ್ನಿಸುವ ಮಾತಿಗೆ ಬರುತ್ತೇನೆ, ನಿಜವಾದ ತುರ್ತು ಇರುವುದು ಇಲ್ಲೇ. ಏಳೂವರೆ ತಿಂಗಳ ಮಗು ಎದೆಹಾಲಿನ ಜೊತೆ ದಿನಕ್ಕೆ ಎರಡು ಮೂರು ಹೊತ್ತು ಗಟ್ಟಿ ಆಹಾರ ತಿನ್ನಬೇಕು. ಒಂದೂವರೆ ತಿಂಗಳು ತೂಕ ನಿಂತಿರುವುದು ಹಾಲಿನ ಅಲರ್ಜಿಗಿಂತ ಹೆಚ್ಚಾಗಿ ಆ ರಿಪೋರ್ಟಿನ ಪಥ್ಯದಿಂದ ಎನ್ನುವುದು ನನ್ನ ಅಂದಾಜು. ನಾಳೆ ಬೆಳಗ್ಗೆಯೇ ನೀರಿನಲ್ಲಿ ಬೇಯಿಸಿದ ರಾಗಿ ಸರಿ ಮತ್ತೆ ಶುರು ಮಾಡಿ, ಒಂದು ಚಮಚ ಕೊಬ್ಬರಿ ಎಣ್ಣೆ ಬೆರೆಸಿ. ತುಪ್ಪದಲ್ಲಿ ಹಾಲಿನ ಪ್ರೋಟೀನ್ ಲೇಶ ಉಳಿದಿರುತ್ತದೆ, ಡಾಕ್ಟರ್ ನೋಡುವವರೆಗೆ ಬೇಡ. ಆಮೇಲೆ ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ, ತೊಗರಿಬೇಳೆ, ಸಿಹಿಗುಂಬಳ, ಕ್ಯಾರೆಟ್, ಬಾಳೆಹಣ್ಣು. ಹೊಸದನ್ನು ಒಂದೊಂದೇ, ಅರ್ಧ ಚಮಚದಿಂದ, ಬೆಳಗಿನ ಹೊತ್ತು ಕೊಡಿ. ಭಾನುವಾರ ಸಂಜೆ, ಕ್ಲಿನಿಕ್‌ಗಳೆಲ್ಲ ಬಾಗಿಲು ಹಾಕಿದ ಮೇಲೆ ಹೊಸ ಪ್ರಯೋಗ ಬೇಡ. ಟೊಮೆಟೊ, ಕಿತ್ತಳೆ ತಿಂದಾಗ ಬಾಯಿಯ ಸುತ್ತ ಮಾತ್ರ ಸ್ವಲ್ಪ ಕೆಂಪಾಗಿ ಅರ್ಧ ಗಂಟೆಗೆ ಹೋದರೆ ಅದು ಸಾಮಾನ್ಯವಾಗಿ ಹುಳಿ ತಗುಲಿದ ಉರಿ. ಬಾಳೆಹಣ್ಣಿಗೆ ನೆಗಡಿ ಬಂತು ಎನ್ನುವುದು ಅಲರ್ಜಿಯಲ್ಲ. ಜೇನುತುಪ್ಪ ಒಂದು ವರ್ಷದ ತನಕ ಬೇಡ, ಅದು ಬೇರೆ ಕಾರಣಕ್ಕೆ.

ಮೊಟ್ಟೆ ಮತ್ತು ಕಡಲೆಕಾಯಿಯನ್ನು ಮೂರು ವರ್ಷ ಆಗಲಿ ಅಂತ ಮುಂದೂಡುವವರು ಬಹಳ. ಅಲರ್ಜಿಯ ಸಾಧ್ಯತೆ ಹೆಚ್ಚಿರುವ ಮಕ್ಕಳಿಗೆ ಮೊಟ್ಟೆ ಎರಡು ವರ್ಷ, ಕಡಲೆಕಾಯಿ ಮೂರು ವರ್ಷ ಬೇಡ ಎಂಬ ಸಲಹೆಯನ್ನು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಕೊಟ್ಟಿತ್ತು, 2008ರಲ್ಲಿ ಕೈಬಿಟ್ಟಿತು. ಬ್ರಿಟನ್ನಿನಲ್ಲಿ ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಐದು ವರ್ಷದವರೆಗೆ ಕಡಲೆಕಾಯಿ ಬಿಟ್ಟವರಲ್ಲಿ ಸುಮಾರು ಶೇ 17 ಮಕ್ಕಳಿಗೆ ಅದರ ಅಲರ್ಜಿ ಬಂತು, ಮೊದಲ ವರ್ಷದಿಂದಲೇ ತಿಂದವರಲ್ಲಿ ಶೇ 3 ಮಕ್ಕಳಿಗೆ. ತಡ ಮಾಡಿದ್ದೇ ಮುಳುವಾಗಿತ್ತು. ಆದರೆ ನಿಮ್ಮ ಮಗುವಿಗೆ ಎಕ್ಸಿಮಾ ಇದೆ, ಹಾಲಿಗೆ ಜೋರಾಗಿಯೇ ಪ್ರತಿಕ್ರಿಯೆ ಬಂದಿದೆ. ಹಾಗಾಗಿ ಮೊಟ್ಟೆ, ಕಡಲೆಕಾಯಿ ಎರಡರ ಮೊದಲ ತುತ್ತು ಮಕ್ಕಳ ವೈದ್ಯರು ನೋಡಿದ ಮೇಲೆ, ಬೇಕಾದರೆ ಅವರ ಎದುರಿನಲ್ಲೇ ಆಗಲಿ. ತಿಂಗಳುಗಟ್ಟಲೆ ಕಾಯದೆ ಇದೇ ತಿಂಗಳು ತೋರಿಸಿ. ಮೊಟ್ಟೆ ಗಟ್ಟಿಯಾಗಿ ಬೆಂದಿರಬೇಕು. ಕಡಲೆಕಾಯಿ ನುಣ್ಣಗೆ ಅರೆದು ತೆಳ್ಳಗೆ ಮಾಡಿರಬೇಕು, ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮನೆಯಲ್ಲಿ ಹಾಲು ದೂರ ಇಡುವುದು ಸುಲಭ, ಬಂದು ಹೋಗುವವರದ್ದೇ ಕಷ್ಟ. ನಮ್ಮ ಕಡೆ ನೆಂಟರು ಕಾಫಿ ಕುಡಿಯುತ್ತಾ ಬೆರಳದ್ದಿ ಕೂಸಿನ ನಾಲಿಗೆಗೆ ಹಚ್ಚುತ್ತಾರೆ, ದೇವಸ್ಥಾನದಲ್ಲಿ ಪಂಚಾಮೃತ ಬಾಯಿಗೆ ಬಿಡುತ್ತಾರೆ, ಯಾರೋ ಪೇಡೆಯ ಚೂರು ಇಡುತ್ತಾರೆ. ನಿಷ್ಠುರವಾದರೂ ಮೊದಲೇ ಹೇಳಿಬಿಡಿ. ಪೊಟ್ಟಣದ ತಿಂಡಿಯಲ್ಲಿ ಹಾಲು, ಮೊಟ್ಟೆ, ಗೋಧಿ, ಸೋಯಾ, ಕಡಲೆಕಾಯಿ ಮುಂತಾದವು ಇದ್ದರೆ ಅಲರ್ಜಿ ಸೂಚನೆ ಅಚ್ಚು ಹಾಕಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಹೇಳುತ್ತದೆ. ಹಾಲಿನ ಪುಡಿ, ವ್ಹೇ, ಕೇಸೀನ್ ಎಂದು ಎಲ್ಲಿದ್ದರೂ ಅದು ಹಾಲೇ. ಬಿಸ್ಕತ್ತು, ರಸ್ಕ್, ಡಬ್ಬಿಯ ಸೆರೆಲ್ಯಾಕ್ ಥರದ ಪುಡಿಗಳನ್ನು ಓದದೆ ಕೊಡಬೇಡಿ.

ಅಷ್ಟಾದರೂ ತಪ್ಪಿ ಒಳಗೆ ಹೋಯಿತು ಅನ್ನಿ. ಬರೀ ನಾಲ್ಕು ಗಂಧೆ ಎದ್ದು ಮಗು ಆಡಿಕೊಂಡಿದ್ದರೆ ಡಾಕ್ಟರ್ ತೂಕಕ್ಕೆ ತಕ್ಕಂತೆ ಬರೆದುಕೊಟ್ಟ ಅಲರ್ಜಿ ಡ್ರಾಪ್ಸ್ ಹಾಕಿ ಕಾದು ನೋಡಬಹುದು. ಉಸಿರಿನಲ್ಲಿ ಸುಯ್ ಸದ್ದು, ಬಿಡದ ಕೆಮ್ಮು, ಅಳುವ ದನಿ ಒಡೆಯುವುದು, ಮೇಲಿಂದ ಮೇಲೆ ವಾಂತಿ, ಬಿಳಿಚಿಕೊಂಡು ತೊಡೆ ಮೇಲೆ ಜೋಲು ಬೀಳುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕಿದ ಗಾಡಿ ಹತ್ತಿ. ಹಾಸನಕ್ಕೇ ಹೋಗುತ್ತೇವೆ ಅಂತ ಸುಮಾರು ನಲವತ್ತು ಕಿಲೋಮೀಟರ್ ಓಡಬೇಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ನುಗ್ಗಿ. ಅಲ್ಲಿ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಮಾಂಸಖಂಡಕ್ಕೆ, ಕಿಲೋ ತೂಕಕ್ಕೆ 0.01 ಮಿಲಿಗ್ರಾಂ ಲೆಕ್ಕದಲ್ಲಿ. ಅಲರ್ಜಿಯ ಎವಿಲ್, ಸ್ಟೀರಾಯ್ಡ್ ಆದ ಡೆಕ್ಸಾ ಇಂಜೆಕ್ಷನ್ ಮಾತ್ರ ಕೊಟ್ಟು ಕೂರಿಸುವುದು ಈಗಲೂ ಕೆಲವು ಕಡೆ ನಡೆಯುತ್ತದೆ, ಅವು ಉಸಿರು ಕಟ್ಟುವುದನ್ನು ಸಮಯಕ್ಕೆ ತಡೆಯಲಾರವು. ಮಗುವಿಗೆ ಹಾಲಿನ ಅಲರ್ಜಿ ಇದೆ, ತೀವ್ರ ಪ್ರತಿಕ್ರಿಯೆಯಾದರೆ ಅಡ್ರಿನಲಿನ್ ಬೇಕು ಅಂತ ನಿಮ್ಮ ಡಾಕ್ಟರಿಂದ ಡೋಸ್ ಸಮೇತ ಬರೆಸಿಕೊಂಡು ಆ ಚೀಟಿಯನ್ನು ಮೊಬೈಲಿನ ಕವರ್ ಒಳಗೆ ಇಟ್ಟುಕೊಳ್ಳಿ. ದಾರಿಯಲ್ಲಿ ಮಗುವನ್ನು ಹೆಗಲ ಮೇಲೆ ನೆಟ್ಟಗೆ ಎತ್ತಿಕೊಳ್ಳದೆ ಮಲಗಿಸಿಕೊಳ್ಳಿ, ವಾಂತಿ ಬರುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ.

ಜೀವನಪೂರ್ತಿಯೇ ಎಂದರೆ, ಬಹುಪಾಲು ಮಕ್ಕಳಿಗೆ ಅಲ್ಲ. ಹಾಲಿನ ಅಲರ್ಜಿ ಹೆಚ್ಚಿನವರಲ್ಲಿ ಶಾಲೆಗೆ ಸೇರುವ ವಯಸ್ಸಿನ ಆಸುಪಾಸಿನಲ್ಲಿ ಬಿಟ್ಟುಹೋಗುತ್ತದೆ, ಕೆಲವರಲ್ಲಿ ಇನ್ನೂ ಬೇಗ. ಕೇಕ್, ಬನ್ನಿನಂತೆ ಒಲೆಯ ಕಾವಿನಲ್ಲಿ ಚೆನ್ನಾಗಿ ಬೆಂದ ಹಾಲು ಮೊದಲು ಒಗ್ಗುತ್ತದೆ, ಹಸಿ ಹಾಲು ಕೊನೆಗೆ. ಒಂದು ವರ್ಷದ ಹೊತ್ತಿಗೆ ಮರುಪರೀಕ್ಷೆ ಮಾಡಿಸಿ, ಆಮೇಲೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ. ಬಿಟ್ಟಿದೆಯೋ ಇಲ್ಲವೋ ಎಂದು ನೋಡಲು ಆಸ್ಪತ್ರೆಯಲ್ಲೇ ಕೂರಿಸಿ ಹನಿಹನಿಯಾಗಿ ಕುಡಿಸಿ ಗಮನಿಸುತ್ತಾರೆ. ಅದನ್ನು ಮನೆಯಲ್ಲಿ ಮಾಡಬೇಡಿ.

ಕೊನೆಯದು ಚುಚ್ಚುಮದ್ದು. ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆ ಹಾಲಿನ ಅಲರ್ಜಿ ಇರುವ ಮಗುವಿಗೆ ಹಾಕಿಸಬಹುದು, ಹಾಕಿಸಲೇಬೇಕು. ಮೊಟ್ಟೆ ಅಲರ್ಜಿ ಇದ್ದವರಿಗೂ ಅದು ಸುರಕ್ಷಿತ, ನಿಮ್ಮ ಮಗು ಇನ್ನೂ ಮೊಟ್ಟೆಯನ್ನೇ ಕಂಡಿಲ್ಲ. ಆಶಾ ಕಾರ್ಯಕರ್ತೆಗೆ, ನರ್ಸ್‌ಗೆ ಅಲರ್ಜಿಯ ವಿಷಯ ಹೇಳಿ, ಹಾಕಿಸಿಕೊಂಡು ಅರ್ಧ ಗಂಟೆ ಅಲ್ಲೇ ಕೂತಿರಿ. ಅದರ ಹಿಂದೆ ಮುಂದೆ ಎರಡು ದಿನ ಹೊಸ ಆಹಾರ ಶುರು ಮಾಡಬೇಡಿ. ಲಸಿಕೆಯಾಗಿ ಏಳರಿಂದ ಹನ್ನೆರಡು ದಿನದೊಳಗೆ ಕೆಲವು ಮಕ್ಕಳಿಗೆ ಸಣ್ಣ ಜ್ವರ, ಮೈಮೇಲೆ ತೆಳುವಾದ ಕೆಂಪು ದದ್ದು ಬರುವುದುಂಟು. ಅದು ಲಸಿಕೆಯದು, ಆ ಹೊತ್ತಿಗೆ ಮಗು ತಿನ್ನುತ್ತಿರುವ ಕ್ಯಾರೆಟ್ಟನ್ನೋ ಹೆಸರುಬೇಳೆಯನ್ನೋ ಅದಕ್ಕೆ ಹೆದರಿ ನಿಲ್ಲಿಸಬೇಡಿ.